ಯೂನಿಟ್ ಟೆಸ್ಟ್‌ಗಳಲ್ಲಿ ಫೈನಲ್ ಕ್ಲಾಸ್‌ಗಳನ್ನು ಮಾಕ್ ಮಾಡಬಹುದೇ, ಮಾಡಬೇಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಜಾವಾದಲ್ಲಿ ಬರೆದ, ನಾಲ್ಕು ವರ್ಷಗಳಿಂದ ಬೆಳೆಯುತ್ತ ಬಂದಿರುವ ಒಂದು ಚಂದಾ ನಿರ್ವಹಣಾ ವ್ಯವಸ್ಥೆಯ ಮೇಲೆ ನಾನು ಕೆಲಸ ಮಾಡುತ್ತಿದ್ದೇನೆ. ಚಂದಾದಾರರ ಅವಧಿ ಮುಗಿಯುವ ಹೊತ್ತಿಗೆ ಮುಂದಿನ ಅವಧಿಯ ಶುಲ್ಕವನ್ನು ಲೆಕ್ಕ ಹಾಕಿ, ಹಣ ಪಾವತಿಯ ಹೊರಗಿನ ಸೇವೆಗೆ ಕೋರಿಕೆ ಕಳುಹಿಸಿ, ಬಂದ ಉತ್ತರವನ್ನು ದಾಖಲಿಸುವ ಕ್ಲಾಸ್ ಒಂದಿದೆ. ಅದನ್ನು ಇಲ್ಲಿ ನವೀಕರಣ ಸೇವೆ ಎಂದು ಕರೆಯುತ್ತೇನೆ. ನಾವು ಬಳಸುವುದು ಜಾವಾ 17, ಟೆಸ್ಟ್ ಓಡಿಸುವ ಜೆಯೂನಿಟ್ 5 ಮತ್ತು ಮಾಕ್‌ಗಳನ್ನು, ಅಂದರೆ ಟೆಸ್ಟ್‌ಗಾಗಿ ನಿಜವಾದ ಆಬ್ಜೆಕ್ಟ್‌ನ ಜಾಗದಲ್ಲಿ ನಿಲ್ಲುವ ನಕಲಿಗಳನ್ನು, ಹುಟ್ಟಿಸುವ ಮೊಕಿಟೊದ 3ನೇ ಸರಣಿ.

ಈ ಕ್ಲಾಸ್ ಎರಡು ಫೈನಲ್ ಕ್ಲಾಸ್‌ಗಳನ್ನು (ಸಬ್‌ಕ್ಲಾಸ್ ಮಾಡಲು ಬಿಡದ ಕ್ಲಾಸ್‌ಗಳನ್ನು) ನೆಚ್ಚಿಕೊಂಡಿದೆ. ಮೊದಲನೆಯದು ನಾವೇ ಬರೆದ ‘ಅವಧಿ’. ಅದರಲ್ಲಿ ಆರಂಭದ ದಿನ ಮತ್ತು ಕೊನೆಯ ದಿನ ಎಂಬ ಎರಡು ಫೀಲ್ಡ್‌ಗಳಿದ್ದು, ಒಟ್ಟು ಎಷ್ಟು ದಿನಗಳೆಂದು ಹೇಳುವ ಒಂದು ಮೆಥಡ್ ಇದೆ. ಎರಡನೆಯದು ಪಾವತಿ ಸೇವೆಯವರು ಕೊಟ್ಟಿರುವ ಲೈಬ್ರರಿಯಲ್ಲಿರುವ ಕ್ಲೈಂಟ್ ಕ್ಲಾಸ್. ಅದನ್ನು ಅವರೇ ಫೈನಲ್ ಎಂದು ಘೋಷಿಸಿದ್ದಾರೆ, ಅದಕ್ಕೆ ಯಾವ ಇಂಟರ್ಫೇಸ್ (ಯಾವ ಮೆಥಡ್‌ಗಳಿರಬೇಕೆಂದು ಮಾತ್ರ ಹೇಳುವ ಘೋಷಣೆ) ಕೂಡ ಇಲ್ಲ. ಈ ಎರಡನ್ನೂ ಮಾಕ್ ಮಾಡಲು ಹೋದಾಗ, ಇದು ಫೈನಲ್ ಕ್ಲಾಸ್ ಆದ್ದರಿಂದ ಮಾಕ್ ಮಾಡಲಾಗದು ಎಂದು ಮೊಕಿಟೊ ದೋಷ ತೋರಿಸಿ ನಿಂತಿತು.

ತಂಡದಲ್ಲಿ ಮೂರು ಅಭಿಪ್ರಾಯಗಳಿವೆ. ಫೈನಲ್ ಎಂಬುದು ವೇಗಕ್ಕಾಗಿ ಹಾಕುವ ಪದ ಮಾತ್ರ, ನಮ್ಮ ಕ್ಲಾಸ್‌ನಿಂದ ಅದನ್ನು ತೆಗೆದರೆ ನಷ್ಟವಿಲ್ಲ ಎಂದು ಒಬ್ಬರು ಹೇಳುತ್ತಾರೆ. ಮೊಕಿಟೊದ ಇನ್‌ಲೈನ್ ಮಾಕ್ ಮೇಕರ್ ಅನ್ನು ಚಾಲೂ ಮಾಡಿದರೆ ಒಂದೇ ಒಂದು ಸಾಲಿನಲ್ಲಿ ಎಲ್ಲವೂ ಬಗೆಹರಿಯುತ್ತದೆ ಎಂದು ಇನ್ನೊಬ್ಬರ ವಾದ. ಮೂರನೆಯವರು ಪ್ರತಿಯೊಂದಕ್ಕೂ ಇಂಟರ್ಫೇಸ್ ಬರೆಯಬೇಕೆನ್ನುತ್ತಾರೆ. ನನಗೆ ಬೇಕಿರುವುದು ದೋಷದ ಸಂದೇಶವನ್ನು ಹೇಗಾದರೂ ಮರೆಯಾಗಿಸುವ ಉಪಾಯವಲ್ಲ. ಆರು ತಿಂಗಳ ನಂತರ ಓದಿದಾಗಲೂ ನಂಬಬಹುದಾದ ಟೆಸ್ಟ್ ಬೇಕು. ಅನುಭವಿಗಳು ದಯವಿಟ್ಟು ಕಾರಣ ಸಹಿತ ತಿಳಿಸಿಕೊಡಿ.

ಮೊದಲ ಉತ್ತರ

ಮೊಕಿಟೊ ಏಕೆ ನಿರಾಕರಿಸಿತು ಎಂಬುದನ್ನು ಮೊದಲು ನೋಡೋಣ, ಏಕೆಂದರೆ ನಿಮ್ಮ ತಂಡದ ಗೊಂದಲದ ಅರ್ಧ ಭಾಗ ಅಲ್ಲಿಯೇ ಇದೆ. ನೀವು ಒಂದು ಕ್ಲಾಸ್‌ನ ಮಾಕ್ ಕೇಳಿದಾಗ ಹಳೆಯ ಪದ್ಧತಿಯ ಮೊಕಿಟೊ ಪ್ರೋಗ್ರಾಂ ಓಡುತ್ತಿರುವಾಗಲೇ ಆ ಕ್ಲಾಸ್‌ಗೆ ಒಂದು ಸಬ್‌ಕ್ಲಾಸ್ ಹುಟ್ಟಿಸುತ್ತದೆ, ಮತ್ತು ಅದರ ಮೆಥಡ್‌ಗಳನ್ನೆಲ್ಲ ಓವರ್‌ರೈಡ್ ಮಾಡಿ, ಕರೆ ಬಂದಾಗ ನೀವು ಹೇಳಿಕೊಟ್ಟ ಉತ್ತರವನ್ನು ಹಿಂದಿರುಗಿಸುತ್ತದೆ. ಫೈನಲ್ ಕ್ಲಾಸ್‌ಗೆ ಸಬ್‌ಕ್ಲಾಸ್ ಇರಲು ಜೆವಿಎಂ (ಜಾವಾ ಪ್ರೋಗ್ರಾಂಗಳನ್ನು ಓಡಿಸುವ ವ್ಯವಸ್ಥೆ) ಒಪ್ಪುವುದಿಲ್ಲವಾದ್ದರಿಂದ ಆ ದಾರಿ ಅಲ್ಲಿಗೇ ಮುಚ್ಚಿಹೋಗುತ್ತದೆ. ಅಂದರೆ ಆ ನಿರಾಕರಣೆ ಒಂದು ತಂತ್ರದ ಮಿತಿಯಾಗಿತ್ತೇ ಹೊರತು ‘ಹೀಗೆ ಮಾಡಬಾರದು’ ಎಂಬ ಉಪದೇಶವಾಗಿರಲಿಲ್ಲ.

2016ರಲ್ಲಿ ಬಂದ ಮೊಕಿಟೊ 2 ಈ ಮಿತಿಯನ್ನು ದಾಟುವ ಇನ್‌ಲೈನ್ ಮಾಕ್ ಮೇಕರ್ ಅನ್ನು ಐಚ್ಛಿಕವಾಗಿ ಕೊಟ್ಟಿತು. ಅದು ಸಬ್‌ಕ್ಲಾಸ್ ಹುಟ್ಟಿಸುವ ಗೋಜಿಗೆ ಹೋಗದೆ, ಜಾವಾದ ಇನ್‌ಸ್ಟ್ರುಮೆಂಟೇಶನ್ ಸೌಲಭ್ಯದ ಮೂಲಕ ಮೂಲ ಕ್ಲಾಸ್‌ನ ಬೈಟ್‌ಕೋಡ್ (ಕಂಪೈಲ್ ಆದ ರೂಪ) ಅನ್ನೇ ತಿದ್ದಿ, ಪ್ರತಿ ಮೆಥಡ್‌ನ ಆರಂಭದಲ್ಲಿ ‘ಈ ಆಬ್ಜೆಕ್ಟ್ ಮಾಕ್ ಆಗಿದೆಯೇ’ ಎಂದು ಕೇಳುವ ಒಂದು ತುಣುಕನ್ನು ಸೇರಿಸುತ್ತದೆ. 2023ರ ಜನವರಿಯಲ್ಲಿ ಬಿಡುಗಡೆಯಾದ ಮೊಕಿಟೊ 5ರಿಂದ ಇದೇ ಸಹಜ ಪದ್ಧತಿಯಾಗಿದೆ. ಆದ್ದರಿಂದ ನಿಮ್ಮ ಪ್ರಶ್ನೆಯ ‘ಮಾಡಬಹುದೇ’ ಎಂಬ ಭಾಗಕ್ಕೆ ಉತ್ತರ ‘ಹೌದು’. ಉಳಿದಿರುವುದು ‘ಮಾಡಬೇಕೇ’ ಎಂಬುದು.

ಅದಕ್ಕೆ ಹೋಗುವ ಮುನ್ನ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಹಳೆಯ ಪದ್ಧತಿಯಲ್ಲಿ ಫೈನಲ್ ಕ್ಲಾಸ್‌ಗಿಂತ ಹೆಚ್ಚು ಅಪಾಯಕಾರಿಯಾದದ್ದು, ಕ್ಲಾಸ್ ಫೈನಲ್ ಅಲ್ಲದೆ ಅದರೊಳಗಿನ ಒಂದು ಮೆಥಡ್ ಮಾತ್ರ ಫೈನಲ್ ಆಗಿರುವ ಸಂದರ್ಭ. ಆಗ ಮಾಕ್ ಯಾವ ದೂರೂ ಇಲ್ಲದೆ ಹುಟ್ಟಿಕೊಳ್ಳುತ್ತದೆ. ಆದರೆ ಆ ಫೈನಲ್ ಮೆಥಡ್ ಅನ್ನು ಕರೆದಾಗ ನಿಜವಾದ ಕೋಡ್ ಓಡುತ್ತದೆ. ಮಾಕ್ ಹುಟ್ಟುವಾಗ ಕನ್ಸ್ಟ್ರಕ್ಟರ್ ಓಡಿರುವುದಿಲ್ಲವಾದ್ದರಿಂದ ಫೀಲ್ಡ್‌ಗಳೆಲ್ಲ ನಲ್ (ಖಾಲಿ) ಆಗಿರುತ್ತವೆ, ಮತ್ತು ಟೆಸ್ಟ್‌ಗೆ ಸಂಬಂಧವೇ ಇಲ್ಲವೆಂದು ತೋರುವ ಯಾವುದೋ ಸಾಲಿನಲ್ಲಿ ನಲ್ ಪಾಯಿಂಟರ್ ಎಕ್ಸೆಪ್ಶನ್ ಸಿಡಿಯುತ್ತದೆ. ನೀವು 3ನೇ ಸರಣಿಯಲ್ಲಿ ಇರುವವರೆಗೆ ಇದು ನೆನಪಿನಲ್ಲಿರಲಿ.

ಈಗ ನಿಮ್ಮ ‘ಅವಧಿ’ ಕ್ಲಾಸ್. ಅದನ್ನು ಮಾಕ್ ಮಾಡಬೇಡಿ, ಅದರ ಫೈನಲ್ ಅನ್ನೂ ತೆಗೆಯಬೇಡಿ. ಅದು ಫೈನಲ್ ಆಗಿದೆ ಎನ್ನುವುದಕ್ಕಿಂತ ಅದು ಒಂದು ಮೌಲ್ಯ ಎನ್ನುವುದು ನನ್ನ ಕಾರಣ. ಎರಡು ದಿನಾಂಕಗಳನ್ನು ಕೊಟ್ಟರೆ ನಿಜವಾದ ಅವಧಿ ಸಿಗುತ್ತದೆ. ಅದಕ್ಕೆ ನೆಟ್‌ವರ್ಕ್ ಬೇಡ, ಡೇಟಾಬೇಸ್ ಬೇಡ, ಅದು ನಿಧಾನವೂ ಅಲ್ಲ. ನಿಜವಾದದ್ದು ಇಷ್ಟು ಸುಲಭವಾಗಿ ಸಿಗುವಾಗ ನಕಲಿ ಏತಕ್ಕೆ? ನೀವು ಮಾಕ್ ಮಾಡಿ ‘ಒಟ್ಟು ದಿನಗಳು ಎಂದರೆ 30 ಎಂದು ಹೇಳು’ ಎಂದು ಬರೆದರೆ, ಆರಂಭದ ದಿನವೂ ಕೊನೆಯ ದಿನವೂ ನಲ್ ಆಗಿದ್ದು ದಿನಗಳ ಸಂಖ್ಯೆ ಮಾತ್ರ 30 ಆಗಿರುವ ಒಂದು ವಿಚಿತ್ರ ವಸ್ತು ನಿಮ್ಮ ಟೆಸ್ಟ್‌ನೊಳಗೆ ಓಡಾಡುತ್ತದೆ. ನಿಮ್ಮ ಕನ್ಸ್ಟ್ರಕ್ಟರ್ ಅಂಥದ್ದನ್ನು ಎಂದಿಗೂ ಹುಟ್ಟಲು ಬಿಡುತ್ತಿರಲಿಲ್ಲ. ನಿಜ ಜೀವನದಲ್ಲಿ ಇರಲು ಸಾಧ್ಯವೇ ಇಲ್ಲದ ಸ್ಥಿತಿಯಲ್ಲಿ ನವೀಕರಣ ಸೇವೆ ಸರಿಯಾಗಿ ನಡೆದುಕೊಂಡಿತು ಎಂದು ತಿಳಿದುಕೊಂಡು ನಮಗೇನು ಪ್ರಯೋಜನ?

ವೇಗದ ವಾದದ ಬಗ್ಗೆ ಒಂದು ಮಾತು. ಯಾವ ಕ್ಲಾಸ್‌ಗೆ ಸಬ್‌ಕ್ಲಾಸ್‌ಗಳಿವೆ, ಯಾವುದಕ್ಕಿಲ್ಲ ಎಂಬುದನ್ನು ಹಾಟ್‌ಸ್ಪಾಟ್ ಎಂಬ ಜೆವಿಎಂ ತಾನೇ ಗಮನಿಸಿ ಕರೆಗಳನ್ನು ಚುರುಕುಗೊಳಿಸುತ್ತದೆ. ಹೀಗಾಗಿ ಫೈನಲ್ ಪದದಿಂದ ವೇಗ ಹೆಚ್ಚುವುದೆಂಬ ನಂಬಿಕೆಗೆ ಇಂದು ಹೆಚ್ಚಿನ ಆಧಾರವಿಲ್ಲ. ಅದು ಅಲ್ಲಿರುವುದು, ಒಮ್ಮೆ ಹುಟ್ಟಿದ ಅವಧಿ ಬದಲಾಗದು, ಅದರ ವರ್ತನೆಯನ್ನು ಯಾರೂ ಹಿಂಬಾಗಿಲಿನಿಂದ ತಿರುಚಲಾರರು ಎಂಬ ಭರವಸೆಗಾಗಿ. ಒಂದು ಟೆಸ್ಟ್‌ನ ಅನುಕೂಲಕ್ಕಾಗಿ ಆ ಭರವಸೆಯನ್ನು ಇಡೀ ಕೋಡ್‌ಬೇಸ್‌ನಿಂದ ಹಿಂದಕ್ಕೆ ಪಡೆಯುವುದು ನನಗೆ ಒಪ್ಪಿಗೆಯಿಲ್ಲ.

ಪಾವತಿ ಕ್ಲೈಂಟ್‌ನ ವಿಷಯ ಬೇರೆ. ಟೆಸ್ಟ್ ಓಡುವಾಗ ಯಾರ ಖಾತೆಯಿಂದಲೂ ಹಣ ಕಡಿತವಾಗಕೂಡದು, ಹಾಗಾಗಿ ಅಲ್ಲಿ ಏನಾದರೊಂದು ಬದಲಿ ಬೇಕೇ ಬೇಕು. ನಿಮಗೆ ಬೇಕಾದಷ್ಟನ್ನೇ ಹೇಳುವ ಒಂದು ಪುಟ್ಟ ಇಂಟರ್ಫೇಸ್ ಬರೆದು, ಆ ಕ್ಲೈಂಟ್ ಅನ್ನು ಅದರ ಹಿಂದೆ ಇರಿಸುವುದು ನನ್ನ ಸಲಹೆ.

ಎರಡನೆಯ ಉತ್ತರ

ಮೌಲ್ಯಗಳ ವಿಷಯದಲ್ಲಿ ಮೊದಲ ಉತ್ತರಕ್ಕೆ ನನ್ನ ಪೂರ್ಣ ಸಹಮತವಿದೆ. ಆದರೆ ಇನ್‌ಲೈನ್ ಮಾಕ್ ಮೇಕರ್ ಬಗ್ಗೆ ಅಲ್ಲಿ ಬೇಕಾದಷ್ಟು ಹೇಳಿಲ್ಲ, ಮತ್ತು ‘ಇಂಟರ್ಫೇಸ್ ಬರೆಯಿರಿ’ ಎಂಬ ಸಲಹೆಯನ್ನು ಮೂಲಮಂತ್ರದಂತೆ ಜಪಿಸುವ ತಂಡಗಳಲ್ಲಿ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ನಾನು ಹಿಂದೆ ಇದ್ದ ಒಂದು ತಂಡದಲ್ಲಿ ಪ್ರತಿ ಕ್ಲಾಸ್‌ಗೂ ಒಂದು ಇಂಟರ್ಫೇಸ್ ಇತ್ತು, ಮತ್ತು ಬಹುತೇಕ ಎಲ್ಲ ಇಂಟರ್ಫೇಸ್‌ಗಳಿಗೂ ಒಂದೊಂದೇ ಅನುಷ್ಠಾನವಿತ್ತು. ಮೂಗಿಗಿಂತ ಮೂಗುತಿ ಭಾರ ಎನ್ನುವಂತಾಗಿತ್ತು. ಒಂದು ಮೆಥಡ್‌ಗೆ ಹೊಸದೊಂದು ಪ್ಯಾರಾಮೀಟರ್ ಸೇರಿಸಬೇಕಾದರೆ ಎರಡು ಫೈಲ್‌ಗಳನ್ನು ತಿದ್ದಬೇಕು. ಕೋಡ್ ಓದುವಾಗ ಒಂದು ಕರೆಯ ಜಾಡು ಹಿಡಿದು ಹೋದರೆ ಪ್ರತಿ ಸಲವೂ ಇಂಟರ್ಫೇಸ್‌ನ ಬಳಿ ಮುಗ್ಗರಿಸಬೇಕು. ಹೊರಗಿನ ಲೋಕಕ್ಕೆ ಬಾಗಿಲಾಗಿರುವ ಕಡೆ ಇಂಟರ್ಫೇಸ್ ತನ್ನ ಕೂಲಿಗೆ ತಕ್ಕ ಕೆಲಸ ಮಾಡುತ್ತದೆ. ಒಳಗಿನ ಕೋಣೆಗಳ ನಡುವೆ ಅದನ್ನು ಮಾಕ್‌ಗೋಸ್ಕರವೇ ನಿಲ್ಲಿಸಿದರೆ ಅದು ಅಡ್ಡಗೋಡೆಯಷ್ಟೇ.

ಎರಡನೆಯದಾಗಿ, ಫೈನಲ್ ಎಂಬ ಪದ ಎಲ್ಲ ಭಾಷೆಗಳಲ್ಲೂ ಒಂದೇ ತೂಕದ್ದಲ್ಲ. ಕಾಟ್ಲಿನ್‌ನಲ್ಲಿ ನೀವು ಏನನ್ನೂ ಬರೆಯದಿದ್ದರೆ ಕ್ಲಾಸ್ ತಾನಾಗಿಯೇ ಫೈನಲ್. ಅಲ್ಲಿ ಒಂದು ಸೇವಾ ಕ್ಲಾಸ್ ಫೈನಲ್ ಆಗಿದೆ ಎಂದಮಾತ್ರಕ್ಕೆ ಅದನ್ನು ಬರೆದವರು ಯೋಚಿಸಿ ಮುಚ್ಚಿದ್ದಾರೆ ಎಂದು ಅರ್ಥವಾಗುವುದಿಲ್ಲ. ಅಲ್ಲಿ ಜನ ಮಾಕ್‌ಕೆ ಎಂಬ ಮಾಕ್ ಲೈಬ್ರರಿ ಬಳಸುತ್ತಾರೆ, ಅಥವಾ ಆಲ್-ಓಪನ್ ಎಂಬ ಕಂಪೈಲರ್ ಪ್ಲಗಿನ್‌ನಿಂದ ಆಯ್ದ ಕ್ಲಾಸ್‌ಗಳನ್ನು ತೆರೆಯುತ್ತಾರೆ. ಫೈನಲ್ ಕ್ಲಾಸ್ ಅನ್ನು ಮಾಕ್ ಮಾಡುವುದೇ ತಪ್ಪು ಎಂಬ ನಿಯಮ ಮಾಡಿಕೊಂಡರೆ ಕಾಟ್ಲಿನ್ ತಂಡವೊಂದು ಹೆಜ್ಜೆ ಇಡಲಾಗದೆ ನಿಲ್ಲಬೇಕಾಗುತ್ತದೆ. ಹಾಗಾಗಿ ಆ ಕ್ಲಾಸ್‌ನ ಕೆಲಸ ಏನು ಎಂದು ಕೇಳಿಕೊಳ್ಳಿ. ಅದರ ಘೋಷಣೆಯಲ್ಲಿ ಯಾವ ಪದವಿದೆ ಎಂಬುದು ಆಮೇಲಿನ ಮಾತು.

ಇನ್‌ಲೈನ್ ನಿಜಕ್ಕೂ ಕೈಹಿಡಿಯುವುದು ಹಳೆಯ ಕೋಡ್‌ನಲ್ಲಿ. ಒಂದು ಟೆಸ್ಟ್ ಕೂಡ ಇಲ್ಲದ, ಮುಟ್ಟಿದರೆ ಏನು ಕಳಚಿಕೊಳ್ಳುತ್ತದೋ ಎಂದು ಎಲ್ಲರೂ ಹೆದರುವ ಕ್ಲಾಸ್‌ಗೆ ಇಂಟರ್ಫೇಸ್ ಸೇರಿಸಬೇಕೆಂದರೆ ಕೋಡ್ ಬದಲಿಸಬೇಕು, ಕೋಡ್ ಬದಲಿಸುವ ಧೈರ್ಯ ಬರಬೇಕೆಂದರೆ ಮೊದಲು ಟೆಸ್ಟ್ ಇರಬೇಕು. ಈ ಸುತ್ತನ್ನು ಎಲ್ಲೋ ಒಂದು ಕಡೆ ಮುರಿಯಬೇಕಲ್ಲ? ಅಲ್ಲಿ ಇನ್‌ಲೈನ್ ಮಾಕ್ ಬಳಸಿ, ಈಗಿನ ವರ್ತನೆ ಹೇಗಿದೆಯೋ ಹಾಗೆಯೇ ಟೆಸ್ಟ್‌ನಲ್ಲಿ ದಾಖಲಿಸಿ, ನಂತರ ಧೈರ್ಯವಾಗಿ ರಚನೆಯನ್ನು ಸರಿಪಡಿಸಿ. ಕಟ್ಟಡಕ್ಕೆ ಸಾರುವೆ ಕಟ್ಟುವಂತೆ ಇದು. ಕೆಲಸ ಮುಗಿದ ಮೇಲೆ ಬಿಚ್ಚಬೇಕು, ಆದರೆ ಅದಿಲ್ಲದೆ ಮೇಲೇರುವುದು ಮೂರ್ಖತನ.

ಮೊದಲು ಇದೇ ಕೆಲಸಕ್ಕೆ ಪವರ್‌ಮಾಕ್ ಇತ್ತು. ಅದು ತನ್ನದೇ ಕ್ಲಾಸ್‌ಲೋಡರ್ ಮೂಲಕ ಕ್ಲಾಸ್‌ಗಳನ್ನು ಬದಲಿಸಿ ಲೋಡ್ ಮಾಡುತ್ತಿದ್ದುದರಿಂದ ಟೆಸ್ಟ್‌ಗಳು ಎಷ್ಟು ಕೋಡ್ ಓಡಿಸಿದವೆಂದು ಅಳೆಯುವ ಜಕೋಕೊದಂಥ ಕವರೇಜ್ ಸಾಧನ ಆ ಕ್ಲಾಸ್‌ಗಳನ್ನು ಗುರುತಿಸಲಾಗದೆ, ಚೆನ್ನಾಗಿ ಟೆಸ್ಟ್ ಆದ ಕೋಡ್‌ಗೂ ಸೊನ್ನೆ ತೋರಿಸುತ್ತಿತ್ತು. ಆ ದಿನಗಳ ಕಹಿಯನ್ನು ಉಂಡವರು ಇನ್‌ಲೈನ್ ಎಂದರೂ ಬೆಚ್ಚುತ್ತಾರೆ, ಆದರೆ ಇದು ಅದಕ್ಕಿಂತ ಬಹಳ ಸೌಮ್ಯವಾದ ಸಾಧನ. ಹಾಗೆಂದು ಇದಕ್ಕೆ ಬೆಲೆಯೇ ಇಲ್ಲವೆಂದಲ್ಲ. ಇನ್‌ಲೈನ್ ಮಾಕ್‌ಗಳು ಕೆಲವೊಮ್ಮೆ ಮೆಮೊರಿಯಿಂದ ಬಿಡುಗಡೆಯಾಗದೆ ಉಳಿಯುತ್ತವೆ. ದೊಡ್ಡ ಟೆಸ್ಟ್ ಸಮೂಹಗಳಲ್ಲಿ ಅವನ್ನು ತೆರವುಗೊಳಿಸಲೆಂದೇ ಮೊಕಿಟೊ ಒಂದು ಪ್ರತ್ಯೇಕ ಮೆಥಡ್ ಕೊಟ್ಟಿದೆ. ಜೆಡಿಕೆ (ಜಾವಾ ಅಭಿವೃದ್ಧಿ ಕಿಟ್) 21ರಿಂದ, ಓಡುತ್ತಿರುವ ಪ್ರೋಗ್ರಾಂಗೆ ಏಜೆಂಟ್ (ಕ್ಲಾಸ್‌ಗಳ ಬೈಟ್‌ಕೋಡ್ ತಿದ್ದಬಲ್ಲ ಸಹಾಯಕ ತುಣುಕು) ಒಂದು ನಡುವೆ ಬಂದು ಸೇರಿಕೊಂಡರೆ ಜೆವಿಎಂ ಎಚ್ಚರಿಕೆ ಮುದ್ರಿಸುತ್ತದೆ, ಮುಂದೆ ಇದನ್ನು ಸಹಜ ಸ್ಥಿತಿಯಲ್ಲಿ ನಿಷೇಧಿಸುವ ಉದ್ದೇಶವೂ ಅದರ ಹಿಂದಿದೆ. ಆದ್ದರಿಂದ ಟೆಸ್ಟ್ ಆರಂಭವಾಗುವಾಗಲೇ ಮೊಕಿಟೊವನ್ನು ಏಜೆಂಟ್ ಆಗಿ ಹೆಸರಿಸಿ ಸೇರಿಸುವುದನ್ನು ಬಿಲ್ಡ್ ಫೈಲ್‌ನಲ್ಲಿ ಈಗಲೇ ಬರೆದಿಡುವುದು ಒಳ್ಳೆಯದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಮೊದಲ ಉತ್ತರ ಓದಿದ ಮರುದಿನವೇ ಹಳೆಯ ಟೆಸ್ಟ್‌ಗಳತ್ತ ಕಣ್ಣು ಹಾಯಿಸಿದೆ. ಅವಧಿ ಕ್ಲಾಸ್ ಫೈನಲ್ ಆಗುವ ಮೊದಲು ಬರೆದಿದ್ದ, ನಂತರ ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿ ಮರೆತುಬಿಟ್ಟಿದ್ದ ಕೆಲವು ಟೆಸ್ಟ್‌ಗಳಲ್ಲಿ ಅದನ್ನು ಮಾಕ್ ಮಾಡಿ ‘ದಿನಗಳು 30’ ಎಂದೇ ಬರೆಯಲಾಗಿತ್ತು. ಆ ಮಾಕ್ ತೆಗೆದು, ಜೂನ್ 1ರಿಂದ ಜೂನ್ 30ರವರೆಗಿನ ನಿಜವಾದ ಅವಧಿಯನ್ನು ಕೊಟ್ಟಾಗ ಟೆಸ್ಟ್ ಕೆಂಪಾಯಿತು (ಅಂದರೆ ವಿಫಲವಾಯಿತು), ಬಂದ ಸಂಖ್ಯೆ 29. ಒಳಗೆ ನೋಡಿದರೆ, ದಿನಗಳನ್ನು ಎಣಿಸಲು ನಾವು ಜಾವಾದ ಕ್ರೋನೋಯೂನಿಟ್‌ನ ಬಿಟ್ವೀನ್ ಮೆಥಡ್ ಬಳಸಿದ್ದೆವು, ಅದು ಕೊನೆಯ ದಿನವನ್ನು ಎಣಿಕೆಗೆ ಸೇರಿಸುವುದಿಲ್ಲ. ನಮ್ಮ ನಿಯಮದಲ್ಲಿ ಕೊನೆಯ ದಿನವೂ ಚಂದಾದಾರರದ್ದೇ. ಮಾಕ್ ನಮಗೆ ಬೇಕಾದ ಸಂಖ್ಯೆಯನ್ನೇ ಹೇಳುತ್ತಿದ್ದುದರಿಂದ ಈ ಒಂದು ದಿನದ ವ್ಯತ್ಯಾಸ ಅಷ್ಟು ಕಾಲ ಕಣ್ಣಿಗೆ ಬೀಳಲಿಲ್ಲ ಎಂಬುದು ನನಗೆ ತುಂಬ ನೋವು ತಂದಿತು.

ಅವಧಿಯ ಪ್ರಶ್ನೆ ಅಲ್ಲಿಗೆ ಮುಗಿಯಿತು. ಪಾವತಿ ಕ್ಲೈಂಟ್ ಬಗ್ಗೆ ಒಂದು ಸಂದೇಹ ಉಳಿದಿದೆ. ಇಂಟರ್ಫೇಸ್‌ನ ಹಿಂದೆ ಅದನ್ನು ಇರಿಸಿದರೆ, ನವೀಕರಣ ಸೇವೆಯ ಟೆಸ್ಟ್ ಸುಲಭವಾಗುತ್ತದೆ ನಿಜ. ಆದರೆ ಫೈನಲ್ ಕ್ಲೈಂಟ್ ಅನ್ನು ಕರೆಯುವ ಅಡಾಪ್ಟರ್ ಕ್ಲಾಸ್ ಒಂದು ಹುಟ್ಟಿಕೊಳ್ಳುತ್ತದಲ್ಲ, ಅದನ್ನು ಟೆಸ್ಟ್ ಮಾಡುವುದು ಹೇಗೆ? ಸಮಸ್ಯೆಯನ್ನು ಪಕ್ಕದ ಕೋಣೆಗೆ ತಳ್ಳಿದಂತಾಗಲಿಲ್ಲವೇ?

ಮೂರನೆಯ ಉತ್ತರ

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ತಳ್ಳಿದಂತಾಗುವುದು ನಿಜ, ಆದರೆ ತಳ್ಳುವ ಮೊದಲು ಅದನ್ನು ಚಿಕ್ಕದಾಗಿಸಿರುತ್ತೀರಿ, ಮತ್ತು ಅದನ್ನು ಬೇರೊಂದು ಬಗೆಯ ಟೆಸ್ಟ್‌ನಿಂದ ಎದುರಿಸಬಹುದಾದ ಜಾಗಕ್ಕೆ ತಂದಿರುತ್ತೀರಿ.

ಪರರ ಕ್ಲೈಂಟ್ ಅನ್ನು ನೇರವಾಗಿ ಮಾಕ್ ಮಾಡಿದರೆ ಏನಾಗುತ್ತದೆ ಎಂದು ಒಂದು ಉದಾಹರಣೆಯಿಂದ ಹೇಳುತ್ತೇನೆ. ನಾನು ರಿವ್ಯೂ ಮಾಡಿದ ಒಂದು ಟೆಸ್ಟ್‌ನಲ್ಲಿ, ಬ್ಯಾಂಕ್ ಹಣ ನಿರಾಕರಿಸಿದಾಗ ಕ್ಲೈಂಟ್ ‘ವಿಫಲ’ ಎಂಬ ಸ್ಥಿತಿಯಿರುವ ಉತ್ತರವನ್ನು ಹಿಂದಿರುಗಿಸುತ್ತದೆ ಎಂದು ಮಾಕ್‌ಗೆ ಹೇಳಿಕೊಡಲಾಗಿತ್ತು. ಟೆಸ್ಟ್ ಹಸಿರಾಗಿತ್ತು, ಕೋಡ್ ಕೂಡ ಅಚ್ಚುಕಟ್ಟಾಗಿತ್ತು. ಆದರೆ ಆ ಲೈಬ್ರರಿ ನಿರಾಕರಣೆಯ ಸಂದರ್ಭದಲ್ಲಿ ಉತ್ತರವನ್ನೇ ಕೊಡುವುದಿಲ್ಲ, ಎಕ್ಸೆಪ್ಶನ್ ಎಸೆಯುತ್ತದೆ. ಟೆಸ್ಟ್ ಬರೆದವರು ಲೈಬ್ರರಿ ಹೇಗೆ ನಡೆದುಕೊಳ್ಳುತ್ತದೆ ಎಂದು ಊಹಿಸಿದ್ದರೋ ಮಾಕ್ ಅದನ್ನೇ ಅವರಿಗೆ ಒಪ್ಪಿಸಿತ್ತು. ಕ್ಲಾಸ್ ಫೈನಲ್ ಆಗಿರದಿದ್ದರೂ ಈ ದೋಷ ಹೀಗೆಯೇ ಇರುತ್ತಿತ್ತು. ನಮ್ಮದಲ್ಲದ ಟೈಪ್‌ಗಳನ್ನು ಮಾಕ್ ಮಾಡಬಾರದು ಎಂಬ ಹಳೆಯ ಸಲಹೆಯ ತಿರುಳು ಇದೇ, ಮೊಕಿಟೊ ತಂಡ ಕೂಡ ಇದನ್ನೇ ಹೇಳುತ್ತದೆ.

ಹಾಗಾದರೆ ಇಂಟರ್ಫೇಸ್ ಹೇಗಿರಬೇಕು? ಲೈಬ್ರರಿಯ ಮೆಥಡ್‌ಗಳನ್ನು ಒಂದಕ್ಕೊಂದು ನಕಲಿಸಬೇಡಿ. ನಿಮ್ಮ ವ್ಯವಹಾರದ ಮಾತಿನಲ್ಲಿ ಬರೆಯಿರಿ: ‘ಈ ಚಂದಾದಾರರಿಂದ ಇಷ್ಟು ಮೊತ್ತ ಪಡೆ’ ಎಂಬ ಒಂದೇ ಮೆಥಡ್, ಫಲಿತಾಂಶವಾಗಿ ಮೂರು ಸಾಧ್ಯತೆಗಳು. ಹಣ ಬಂತು, ನಿರಾಕರಣೆಯಾಯಿತು, ಏನಾಯಿತೆಂದು ತಿಳಿಯದು. ಈ ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಟೈಮ್‌ಔಟ್ ಆದಾಗ ಹಣ ಕಡಿತವಾಗಿರಬಹುದು, ಆಗದೆಯೂ ಇರಬಹುದು. ಅದನ್ನು ನಿರಾಕರಣೆ ಎಂದು ಬಗೆದು ಹೊಸದೊಂದು ಕೋರಿಕೆ ಕಳುಹಿಸಿದರೆ ಒಬ್ಬರಿಂದಲೇ ಎರಡು ಸಲ ಹಣ ಪಡೆದಂತಾಗುತ್ತದೆ. ಸೇವೆಯು ಐಡೆಂಪೊಟೆನ್ಸಿ ಕೀ (ಒಂದೇ ಕೋರಿಕೆ ಎರಡನೆಯ ಸಲ ಬಂದಿದೆಯೆಂದು ಗುರುತಿಸಲು ನೆರವಾಗುವ ಗುರುತು) ಒಪ್ಪುವುದಾದರೆ ಮರುಪ್ರಯತ್ನದಲ್ಲಿ ಅದೇ ಕೀ ಹೋಗಬೇಕು. ಈ ಎಲ್ಲ ತಿಳಿವಳಿಕೆಗೂ ನೆಲೆಯಾಗಬೇಕಾದದ್ದು ಅಡಾಪ್ಟರ್.

ನೀವು ಜಾವಾ 17ರಲ್ಲಿರುವುದರಿಂದ ಆ ಫಲಿತಾಂಶವನ್ನು ಸೀಲ್ಡ್ ಇಂಟರ್ಫೇಸ್ (ಹೆಸರಿಸಿದ ಟೈಪ್‌ಗಳು ಮಾತ್ರ ಅನುಷ್ಠಾನ ಮಾಡಬಹುದಾದ ಇಂಟರ್ಫೇಸ್) ಮಾಡಿ, ಮೂರು ಸಾಧ್ಯತೆಗಳನ್ನು ಮೂರು ರೆಕಾರ್ಡ್‌ಗಳಾಗಿ (ಮೌಲ್ಯಗಳನ್ನಷ್ಟೇ ಹಿಡಿದಿಡುವ ಚಿಕ್ಕ ಕ್ಲಾಸ್‌ಗಳಾಗಿ) ಬರೆಯಬಹುದು. ರೆಕಾರ್ಡ್‌ಗಳು ತಾವಾಗಿಯೇ ಫೈನಲ್, ಆದರೆ ಅವು ಮೌಲ್ಯಗಳಾದ್ದರಿಂದ ಮಾಕ್ ಮಾಡುವ ಪ್ರಮೇಯವೇ ಬರುವುದಿಲ್ಲ. ನವೀಕರಣ ಸೇವೆಯ ಟೆಸ್ಟ್‌ಗೆ ಮೊಕಿಟೊ ಕೂಡ ಬೇಕಾಗಲಿಕ್ಕಿಲ್ಲ. ಇಂಟರ್ಫೇಸ್‌ಗೆ ಕೈಯಿಂದಲೇ ಹತ್ತು ಹದಿನೈದು ಸಾಲುಗಳ ಒಂದು ಫೇಕ್ (ಸರಳ ಬದಲಿ ಅನುಷ್ಠಾನ) ಬರೆದು, ಬಂದ ಕೋರಿಕೆಗಳನ್ನು ಅದು ಒಂದು ಪಟ್ಟಿಯಲ್ಲಿ ನೆನಪಿಟ್ಟುಕೊಳ್ಳುವಂತೆ ಮಾಡಿದರೆ ಸಾಕು.

ಈಗ ಅಡಾಪ್ಟರ್‌ನ ಟೆಸ್ಟ್. ಅಲ್ಲಿ ಫೈನಲ್ ಕ್ಲೈಂಟ್ ಅನ್ನು ನಿಜವಾಗಿಯೇ ಬಳಸಿ. ಬಹುತೇಕ ಇಂಥ ಕ್ಲೈಂಟ್‌ಗಳು ಕೊನೆಗೆ ಎಚ್‌ಟಿಟಿಪಿ ಮೂಲಕವೇ ಮಾತನಾಡುತ್ತವೆ, ಮತ್ತು ವಿಳಾಸವನ್ನು ಬದಲಿಸಲು ಅವಕಾಶ ಕೊಡುತ್ತವೆ. ನಕಲಿ ಎಚ್‌ಟಿಟಿಪಿ ಸರ್ವರ್ ಎಬ್ಬಿಸುವ ವೈರ್‌ಮಾಕ್ ಬಳಸಿಯೋ, ಜೆಡಿಕೆಯೊಳಗೇ ಇರುವ ಸಣ್ಣ ಎಚ್‌ಟಿಟಿಪಿ ಸರ್ವರ್ ಬಳಸಿಯೋ ನಿಮ್ಮ ಯಂತ್ರದಲ್ಲೇ ಒಂದು ಸರ್ವರ್ ಎಬ್ಬಿಸಿ, ಪಾವತಿ ಸೇವೆಯ ದಸ್ತಾವೇಜಿನಲ್ಲಿರುವ ನಿಜವಾದ ಉತ್ತರಗಳನ್ನು ಅದರಿಂದ ಕೊಡಿಸಿ. ಯಶಸ್ಸಿನ ಉತ್ತರ, ನಿರಾಕರಣೆಯ ಉತ್ತರ, ಉತ್ತರವೇ ಕೊಡದೆ ಸುಮ್ಮನಿರುವ ಸಂದರ್ಭ, ಅರ್ಧಕ್ಕೆ ಕತ್ತರಿಸಿಹೋದ ಜೇಸನ್: ಇಷ್ಟನ್ನು ಟೆಸ್ಟ್ ಮಾಡಿದರೆ ಆ ಎಕ್ಸೆಪ್ಶನ್ ಎಲ್ಲಿಂದ ಬರುತ್ತದೆ ಎಂಬುದು ಊಹೆಯಾಗಿ ಉಳಿಯುವುದಿಲ್ಲ. ಲೈಬ್ರರಿಯ ಹೊಸ ಆವೃತ್ತಿಗೆ ಏರಿದ ದಿನ, ಅದರ ವರ್ತನೆ ಬದಲಾಗಿದ್ದರೆ ಮೊದಲು ಕೂಗುವುದೂ ಈ ಟೆಸ್ಟ್‌ಗಳೇ. ಮಾಕ್ ಆದರೋ ಹಳೆಯ ವರ್ತನೆಯನ್ನೇ ಒಪ್ಪಿಸುತ್ತ ಕುಳಿತಿರುತ್ತದೆ.

ಎರಡನೆಯ ಉತ್ತರದಲ್ಲಿ ಬರದ ಒಂದು ಅಂಶವನ್ನೂ ಸೇರಿಸುತ್ತೇನೆ. ‘ಇಂದು’ ಯಾವ ದಿನ ಎಂಬುದನ್ನು ನವೀಕರಣ ಸೇವೆ ಎಲ್ಲಿಂದ ತಿಳಿಯುತ್ತದೆ? ಲೋಕಲ್‌ಡೇಟ್‌ನ ನೌ ಮೆಥಡ್ ಅನ್ನು ಅದು ನೇರವಾಗಿ ಕರೆಯುತ್ತಿದ್ದರೆ, ನಾಳೆ ಯಾರಾದರೂ ಆ ಸ್ಟ್ಯಾಟಿಕ್ ಮೆಥಡ್ ಅನ್ನೇ ಮಾಕ್ ಮಾಡಲು ಹೊರಡುತ್ತಾರೆ. ಮೊಕಿಟೊ 3.4ರಿಂದ ಅದೂ ಸಾಧ್ಯ. ಅದರ ಬದಲು ಕನ್ಸ್ಟ್ರಕ್ಟರ್‌ಗೆ ಒಂದು ಕ್ಲಾಕ್ (ಈಗಿನ ಸಮಯ ಹೇಳುವ ಆಬ್ಜೆಕ್ಟ್) ಕೊಡಿ, ಟೆಸ್ಟ್‌ನಲ್ಲಿ ನಿಗದಿತ ಕ್ಷಣದಲ್ಲಿ ನಿಂತಿರುವ ಕ್ಲಾಕ್ ಅನ್ನು ಕಳುಹಿಸಿ. ಜಾವಾ 8ರಿಂದಲೂ ಆ ಸೌಲಭ್ಯ ಭಾಷೆಯ ಜೊತೆಯೇ ಬಂದಿದೆ.

ಎರಡನೆಯ ಉತ್ತರ ಬರೆದವರಿಂದ

ಅಡಾಪ್ಟರ್‌ಗೆ ಸ್ಥಳೀಯ ಸರ್ವರ್ ಎಂಬ ಸಲಹೆ ನನಗೂ ಒಪ್ಪಿಗೆ. ಕ್ಲೈಂಟ್‌ನ ವಿಳಾಸ ಬದಲಿಸಲು ಬಿಡದ ಲೈಬ್ರರಿಗಳೂ ಇವೆ. ಅಂಥಲ್ಲಿ ಮಾತ್ರ, ಅಡಾಪ್ಟರ್‌ನ ಟೆಸ್ಟ್ ಫೈಲ್ ಒಂದಕ್ಕೇ ಸೀಮಿತವಾಗಿ ಇನ್‌ಲೈನ್ ಮಾಕ್ ಬಳಸಿ, ಸೇವೆಯವರು ಕೊಡುವ ಪರೀಕ್ಷಾ ಖಾತೆಯ ವಿರುದ್ಧ ಪ್ರತಿ ಬಿಡುಗಡೆಗೆ ಮೊದಲು ಒಮ್ಮೆ ನಿಜವಾದ ಕರೆ ಮಾಡಿ ತಾಳೆ ನೋಡಿ.

ಪ್ರಶ್ನೆ ಕೇಳಿದವರಿಂದ

ನಮ್ಮ ಕ್ಲೈಂಟ್‌ನ ಬಿಲ್ಡರ್‌ನಲ್ಲಿ ವಿಳಾಸ ಬದಲಿಸುವ ಅವಕಾಶವಿದೆ, ಈಗ ನೋಡಿದೆ. ನಿನ್ನೆ ಸಂಜೆ ಸ್ಥಳೀಯ ಸರ್ವರ್‌ನಿಂದ ಏನೂ ಉತ್ತರ ಕೊಡಿಸದೆ ಓಡಿಸಿದಾಗ ನಮ್ಮ ಕೋಡ್ ಅದನ್ನು ನಿರಾಕರಣೆ ಎಂದೇ ದಾಖಲಿಸಿತು. ಮೂರನೆಯ ಉತ್ತರದಲ್ಲಿ ಹೇಳಿದ ‘ತಿಳಿಯದು’ ಎಂಬ ಸಾಧ್ಯತೆ ನಮ್ಮಲ್ಲಿ ಇರಲೇ ಇಲ್ಲ. ಅದನ್ನು ಸೇರಿಸುವ ಕೆಲಸ ಇಂದು ಆರಂಭವಾಗಿದೆ. ಅವಧಿ ಕ್ಲಾಸ್‌ನ ಮೇಲಿನ ಫೈನಲ್ ಅಲ್ಲೇ ಉಳಿದಿದೆ, ಮತ್ತು ಅದರ ದಿನಗಳ ಎಣಿಕೆಗೆ ಈಗ ಪ್ರತ್ಯೇಕ ಟೆಸ್ಟ್ ಇದೆ.